ಹಾವಿಗೊಂದು ಪೆಟ್ಟಿಗೆ

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಏಳನೇ ತರಗತಿಯ ಹುಡುಗನೊಬ್ಬ ಚಪ್ಪಲಿಯ ರಟ್ಟಿನ ಡಬ್ಬಿಯನ್ನು ಬೆಂಚಿನ ಕೆಳಗೆ ಬಚ್ಚಿಟ್ಟಿದ್ದ. ಮುಚ್ಚಳ ತೆಗೆಸಿದರೆ ಒಳಗೆ ಹಾವು! ನಾನು ಕಿರುಚಿದೆ, ಮಕ್ಕಳು ಹೊರಗೋಡಿದರು, ಜವಾನ ದೊಣ್ಣೆ ತಂದ. ಎಲ್ಲ ಮುಗಿದ ಮೇಲೆ ಹುಡುಗ ಅಂದದ್ದು ಇಷ್ಟೇ: "ಅದು ನೀರೊಳ್ಳೆ ಟೀಚರ್, ವಿಷ ಇಲ್ಲ. ಉಸಿರಾಡಲಿ ಅಂತ ತೂತು ಮಾಡಿದ್ದೆ."

ಡಬ್ಬಿ ನೋಡಿದೆ. ಮೊಳೆಯಿಂದ ಚುಚ್ಚಿದ ಸಾಲು ತೂತುಗಳು, ತಳದಲ್ಲಿ ಒದ್ದೆ ತೆಂಗಿನ ನಾರು, ಮೂಲೆಯಲ್ಲಿ ಶೀಶೆಯ ಮುಚ್ಚಳದಷ್ಟು ನೀರು. ಅಂದಿನಿಂದ ಹಾವು ಸಾಕಿದವರ ಕಥೆ ಎಲ್ಲಿ ಸಿಕ್ಕಿದರೂ ಓದುವುದು ನನಗೊಂದು ಗೀಳಾಯಿತು.

ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಎನ್ನುತ್ತೇವೆ. ನಿಜ, ನಾಗರಪಂಚಮಿಗೆ ನಾವು ತನಿ ಎರೆಯುವ ಹುತ್ತವೂ ಅದು ಕಟ್ಟಿದ್ದಲ್ಲ. ಹಾಗಾಗಿ ಸಾಕುವವರೇ ಅದಕ್ಕೆ ಮನೆ ಕಟ್ಟಬೇಕು. ಆ ಮನೆಯಲ್ಲಿ ಒಂದು ಮೂಲೆ ಬೆಚ್ಚಗೆ, ಒಂದು ಮೂಲೆ ತಂಪಾಗಿ ಇರಬೇಕು. ಅಡಗಲು ಕತ್ತಲು, ಕುಡಿಯಲು ನೀರು, ಸಣ್ಣ ಸಂದೂ ಇಲ್ಲದ ಬಾಗಿಲು ಬೇಕು. ಒರಟು ತಂತಿಜಾಲರಿ ಹಾಕಿದರೆ ಅದಕ್ಕೆ ಮೂತಿ ಉಜ್ಜಿ ಉಜ್ಜಿ ಹಾವು ಗಾಯ ಮಾಡಿಕೊಳ್ಳುತ್ತದೆ. ಇಂದು ಅಮೆರಿಕದಲ್ಲಿ ಹಾವು ಸಾಕುವವರು ಪ್ಲಾಸ್ಟಿಕ್ ಡಬ್ಬಿಗಳನ್ನು ಮೇಜಿನ ಡ್ರಾಯರುಗಳಂತೆ ಕಪಾಟಿನಲ್ಲಿ ಜೋಡಿಸುತ್ತಾರಂತೆ. ಮೇಲಿನ ಹಲಗೆಯೇ ಕೆಳಗಿನ ಡಬ್ಬಿಗೆ ಮುಚ್ಚಳ.

ಈ ಹವ್ಯಾಸದ ಹಿರಿಯರಲ್ಲಿ ಒಬ್ಬರು ರೇಮಂಡ್ ಡಿಟ್ಮಾರ್ಸ್. 1876ರಲ್ಲಿ ಹುಟ್ಟಿದ ಅವರು ನ್ಯೂಯಾರ್ಕಿನ ತಮ್ಮ ಮನೆಯಲ್ಲೇ ಹಾವುಗಳನ್ನು ಸಾಕಿದ ಹುಡುಗ. ತಂದೆತಾಯಿ ಮೊದಲು ಒಪ್ಪದಿದ್ದರೂ ಕೊನೆಗೆ ಅಟ್ಟವನ್ನು ಬಿಟ್ಟುಕೊಟ್ಟರು. ಟ್ರಿನಿಡಾಡಿನಿಂದ ವಿಷದ ಹಾವುಗಳೂ ಆ ಅಟ್ಟಕ್ಕೆ ಬಂದವು. ಕೆಳಗೆ ಅಡಿಗೆ ಮಾಡುತ್ತಿದ್ದ ತಾಯಿಯ ಎದೆ ಹೇಗೆ ಹೊಡೆದುಕೊಂಡಿರಬೇಕು! 1899ರಲ್ಲಿ ಬ್ರಾಂಕ್ಸ್ ಮೃಗಾಲಯ ತೆರೆದಾಗ ಸರೀಸೃಪಗಳ ಹೊಣೆ ಡಿಟ್ಮಾರ್ಸರ ಪಾಲಿಗೆ ಬಂತು. ಮನೆಯ ಹಾವುಗಳೂ ಅವರ ಜೊತೆ ಅಲ್ಲಿಗೆ ಹೋದವು.

ಇನ್ನೊಬ್ಬ ತಾಯಿಯ ಕಥೆ ನಮಗೆ ಹತ್ತಿರದ್ದು. 1943ರಲ್ಲಿ ಅಮೆರಿಕದಲ್ಲಿ ಹುಟ್ಟಿದ ರೋಮುಲಸ್ ವಿಟೇಕರ್ ಪುಟ್ಟ ಹುಡುಗನಾಗಿದ್ದಾಗ ಹಾವು ಹಿಡಿದು ತಂದರೆ ತಾಯಿ ಡೋರಿಸ್ ಗದರಲಿಲ್ಲ, ಮನೆಯಲ್ಲಿ ಇಟ್ಟುಕೊಳ್ಳಲು ಬಿಟ್ಟರು. ಮುಂದೆ ಆಕೆ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರ ಸೊಸೆಯಾದರು. 1951ರಲ್ಲಿ ಮಗನೂ ಭಾರತಕ್ಕೆ ಬಂದ. ಕೊಡೈಕನಾಲಿನ ಶಾಲೆಯ ಹಾಸ್ಟೆಲಿನಲ್ಲಿ ಅವನ ಮಂಚದ ಕೆಳಗೆ ಪೆಟ್ಟಿಗೆಯಲ್ಲಿ ಹೆಬ್ಬಾವೊಂದಿತ್ತು! ಆ ಹುಡುಗನೇ ಮುಂದೆ ಮದರಾಸಿನ ಹಾವಿನ ಉದ್ಯಾನ ಕಟ್ಟಿದರು. 2005ರಲ್ಲಿ ನಮ್ಮ ಆಗುಂಬೆಯಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರ ತೆರೆದು ಕಾಳಿಂಗ ಸರ್ಪದ ಅಧ್ಯಯನಕ್ಕೆ ದಾರಿ ಮಾಡಿದರು.

ಆದರೆ ನನ್ನ ಮನಸ್ಸು ಗೆದ್ದ ಹಾವಿನ ಗೂಡು ಇರುಳರದು. ಹಾವಿನ ಚರ್ಮ ಮಾರಿ ಬದುಕುತ್ತಿದ್ದ ಈ ತಮಿಳುನಾಡಿನ ಬುಡಕಟ್ಟಿನವರಿಗೆ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಕಸುಬು ತಪ್ಪಿತು. ವಿಟೇಕರರ ನೆರವಿನಿಂದ 1978ರಲ್ಲಿ ಅವರದೇ ಸಹಕಾರ ಸಂಘ ಹುಟ್ಟಿತು. ಅಲ್ಲಿ ಹಾವುಗಳು ಇರುವುದು ಅಗಲ ಬಾಯಿಯ ಮಣ್ಣಿನ ಮಡಕೆಗಳಲ್ಲಿ. ಬಾಯಿಗೆ ಬಟ್ಟೆ ಬಿಗಿದು ದಾರ ಕಟ್ಟುತ್ತಾರೆ. ಗಾಳಿಯಾಡುತ್ತದೆ, ಒಳಗೆ ಕತ್ತಲೂ ತಂಪೂ ಇರುತ್ತದೆ. ವಾರಕ್ಕೊಮ್ಮೆ ವಿಷ ತೆಗೆದು, ಮೂರು ನಾಲ್ಕು ವಾರಗಳಲ್ಲಿ ಹಾವನ್ನು ಮರಳಿ ಬಯಲಿಗೆ ಬಿಡುತ್ತಾರೆ. ಆ ವಿಷದಿಂದಲೇ ಹಾವು ಕಚ್ಚಿದವರಿಗೆ ಕೊಡುವ ಔಷಧಿ ತಯಾರಾಗುತ್ತದೆ. 2023ರಲ್ಲಿ ಇಬ್ಬರು ಇರುಳರಿಗೆ, ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ, ಪದ್ಮಶ್ರೀ ಬಂದಾಗ ಮನೆಯವರಿಗೆಲ್ಲ ಓದಿ ಹೇಳಿದೆ.

ಅಂದು ನಾನು ಆ ಹುಡುಗನಿಗೆ 'ಹಾವು ಸಾಕಪ್ಪಾ' ಎನ್ನಬೇಕಿತ್ತು ಅಂತಲ್ಲ. ನಮ್ಮ ನಾಡಿನ ಹಾವನ್ನು ಮನೆಯಲ್ಲಿಟ್ಟುಕೊಳ್ಳುವುದು ಅದೇ ಕಾಯ್ದೆಯಂತೆ ಅಪರಾಧ. ಆದರೆ ಡಬ್ಬಿ ಎತ್ತಿಕೊಂಡು ಇಬ್ಬರೂ ಕೆರೆಯ ತನಕ ನಡೆದಿದ್ದರೆ ಸಾಕಿತ್ತು. ಹತ್ತೇ ನಿಮಿಷದ ದಾರಿ. ಆ ಹುಡುಗ ಮತ್ತೆಂದೂ ನನ್ನ ತರಗತಿಗೆ ಏನನ್ನೂ ತರಲಿಲ್ಲ.