ಕೆಲಸದ ಹದ ಮತ್ತು ಆಡಳಿತ: ರಾಯಚೂರು ಸೀಮೆಯ ಇತಿಹಾಸದಿಂದ ಕೆಲವು ವಿಚಾರಗಳು

ರಾಯಚೂರು, ಮಾನ್ವಿ, ದೇವದುರ್ಗಗಳ ನಡುವಣ ಕುರ್ಡಿಯ ಸೀಮೆ ಕೃಷ್ಣಾ ತುಂಗಭದ್ರೆಗಳ ನಡುವಣ ದೋಆಬಿಗೆ ಸೇರಿದ್ದು. ಈ ನಾಡಿನ ಎರೆಭೂಮಿಯಲ್ಲಿ ಹಿಂಗಾರಿ ಜೋಳವನ್ನು ಬಿತ್ತುವ ಮುನ್ನ ರೈತನು ಮಣ್ಣನ್ನು ಹಿಡಿಯಲ್ಲಿ ಅಮುಕಿ ಹದ ನೋಡುತ್ತಾನೆ. ಆ ಅರಿವು ಯಾವ ಕಡತದಲ್ಲಿಯೂ ಇಲ್ಲ. ಅದು ಕೆಲಸ ಮಾಡುವವನ ಕೈಯಲ್ಲಿದೆ. ಉದ್ಯಮಗಳನ್ನು ನಡೆಸುವವರು ವಿದ್ಯಾಲಯಗಳ ಸಂಶೋಧನೆಯಿಂದ ಏನನ್ನು ಕಲಿಯಬಹುದು ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕುವಾಗ ಈ ‘ಹದ’ ಎಂಬ ಮಾತೇ ನಮಗೆ ದಾರಿ ತೋರಿಸುತ್ತದೆಂದು ತೋರುತ್ತದೆ.

ಈ ಸೀಮೆಯಲ್ಲಿ ಉದ್ಯಮಕ್ಕೂ ವಿದ್ವತ್ತಿಗೂ ಇರುವ ನಂಟು ಹೊಸದಲ್ಲ. ಅಶೋಕನ ಹೆಸರನ್ನೇ ಹೇಳುವ ಮಸ್ಕಿಯ ಶಾಸನವನ್ನು ೧೯೧೫ರಲ್ಲಿ ಕಂಡುಹಿಡಿದವನು ಇತಿಹಾಸದ ಪಂಡಿತನಲ್ಲ. ಚಿನ್ನದ ಗಣಿಯ ಇಂಜಿನಿಯರನಾಗಿದ್ದ ಸಿ. ಬೀಡನ್. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿ ಪ್ರಕಟಿಸಿದರು. ಗಣಿಯ ಹುಡುಕಾಟವು ಇತಿಹಾಸಕ್ಕೆ ಒಂದು ನಿಧಿಯನ್ನು ಒದಗಿಸಿತು. ಇತಿಹಾಸವು ಗಣಿಗೆ ಮರಳಿ ಏನನ್ನು ಕೊಡಬಲ್ಲುದೆಂಬುದನ್ನು ಮಸ್ಕಿಗೆ ಸಮೀಪದ ಹಟ್ಟಿಯಲ್ಲಿ ನೋಡಬಹುದು.

ಹಟ್ಟಿಯ ಪ್ರಾಚೀನ ಗಣಿಗಳನ್ನು ಕುರಿತು ಎಫ್. ಆರ್. ಆಲ್ಚಿನ್ ಅವರು ೧೯೬೨ರಲ್ಲಿ ಪ್ರಕಟಿಸಿದ ಪ್ರಬಂಧವು ಇಂದಿಗೂ ಓದತಕ್ಕದ್ದು. ಪುರಾತನರು ಅಲ್ಲಿ ಸುಮಾರು ೬೪೦ ಅಡಿಗಳ ಆಳದವರೆಗೆ ಇಳಿದಿದ್ದರು. ಸಿಡಿಮದ್ದಿಲ್ಲದ ಆ ಕಾಲದಲ್ಲಿ ಬಂಡೆಯನ್ನು ಬೆಂಕಿಯಿಂದ ಕಾಯಿಸಿ ಬಿರಿಯಿಸುತ್ತಿದ್ದರು. ಅದಿರನ್ನು ನೆಲದ ಬಂಡೆಗಳ ಮೇಲೆಯೇ ಅರೆಯುತ್ತಿದ್ದರು. ಹೊಗೆ ಹೊರಹೋಗುವ ದಾರಿ, ತಳದಲ್ಲಿ ಒಸರುವ ನೀರು, ಮೇಲೆ ತೂಗುವ ಬಂಡೆ ಇವೆಲ್ಲವನ್ನೂ ಬಲ್ಲವರಿಗಲ್ಲದೆ ಇಂಥ ಕೆಲಸ ಸಾಧ್ಯವಾಗುತ್ತಿರಲಿಲ್ಲ. ಆಧುನಿಕ ಕಾಲದಲ್ಲಿ ಚಿನ್ನವನ್ನು ಅರಸಿ ಬಂದವರು ಈ ಹಳೆಯ ಗುಂಡಿಗಳ ಜಾಡನ್ನೇ ಹಿಡಿದು ನಡೆದರು. ೧೯೪೭ರಲ್ಲಿ ಸ್ಥಾಪಿತವಾದ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿಯೂ, ಮುಂದೆ ಹಟ್ಟಿಯ ಹೆಸರನ್ನು ತಳೆದ ಅದೇ ಸಂಸ್ಥೆಯೂ, ಹೆಸರಿಲ್ಲದ ಆ ಕೆಲಸಗಾರರ ಅರಿವಿಗೆ ಋಣಿಯೆಂದರೆ ತಪ್ಪಾಗದು. ಆದರೆ ಆ ಕಾಲವನ್ನು ಸುವರ್ಣಯುಗವೆಂದು ಕೊಂಡಾಡುವುದು ನಮ್ಮ ಉದ್ದೇಶವಲ್ಲ. ಗುಂಡಿಯ ಆಳವು ಕೌಶಲಕ್ಕೆ ಸಾಕ್ಷಿ ನುಡಿಯುತ್ತದೆಯೇ ಹೊರತು ಕೂಲಿಗಲ್ಲ, ನ್ಯಾಯಕ್ಕಲ್ಲ.

ಕೈಯ ಅರಿವನ್ನು ಆಡಳಿತವು ಹೇಗೆ ಕಾಣಬೇಕೆಂಬ ಪ್ರಶ್ನೆಗೆ ಆಧುನಿಕ ಯುಗದಲ್ಲಿ ಅತ್ಯಂತ ಪ್ರಭಾವಶಾಲಿಯಾದ ಉತ್ತರವನ್ನು ಕೊಟ್ಟವನು ಅಮೆರಿಕದ ಫ್ರೆಡರಿಕ್ ಟೇಲರ್. ಯೋಚನೆ ಮೇಲಧಿಕಾರಿಯದು, ದುಡಿಮೆ ಕೆಲಸಗಾರನದು ಎಂಬ ವಿಭಜನೆಯನ್ನು ಅವನು ೧೯೧೧ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ದಿನಕ್ಕೆ ೧೨॥ ಟನ್ ಕಬ್ಬಿಣವನ್ನು ಹೊರುತ್ತಿದ್ದ ‘ಶ್ಮಿಟ್’ ಎಂಬವನು ತನ್ನ ವಿಧಾನದಿಂದ ೪೭॥ ಟನ್ ಹೊತ್ತನೆಂಬುದು ಅವನ ಪ್ರಧಾನ ನಿದರ್ಶನ. ಇಂಥ ಕೆಲಸಕ್ಕೆ ತಕ್ಕವನು ಬುದ್ಧಿಯಲ್ಲಿ ಎತ್ತಿಗೆ ಸಮಾನನೆಂದೂ ಟೇಲರ್ ಬರೆದಿದ್ದಾನೆ. ಆದರೆ ಅದೇ ಶ್ಮಿಟ್ ಬೆಳಗು ಸಂಜೆಗಳಲ್ಲಿ ತನ್ನ ನಿವೇಶನದಲ್ಲಿ ಸ್ವಂತ ಮನೆಯನ್ನು ಕಟ್ಟಿಕೊಳ್ಳುತ್ತಿದ್ದನೆಂಬುದನ್ನೂ ಅದೇ ಗ್ರಂಥವು ತಿಳಿಸುತ್ತದೆ! ತನ್ನ ಮನೆಯನ್ನು ತಾನೇ ಯೋಜಿಸಿ ಕಟ್ಟಬಲ್ಲವನಿಗೆ ಕಾರ್ಖಾನೆಯ ಒಳಗೆ ಮಾತ್ರ ಬುದ್ಧಿಯಿಲ್ಲವೆ? ೧೯೭೪ರಲ್ಲಿ ರೆಗೆ ಮತ್ತು ಪೆರೋನಿ ಎಂಬ ಸಂಶೋಧಕರು ಮೂಲ ದಾಖಲೆಗಳೊಡನೆ ಹೋಲಿಸಿ ನೋಡಿ, ಟೇಲರನ ಕಥೆಯಲ್ಲಿ ಕಲ್ಪನೆಯ ಪಾಲು ಬಹಳವಿದೆಯೆಂದು ತೋರಿಸಿದರು. ಅರ್ಧ ಶತಮಾನಕ್ಕೂ ಮೀರಿ ಆಡಳಿತಗಾರರು ನಂಬಿದ್ದ ಕಥೆಯೊಂದು ಕಡತಗಳ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಸಂಶೋಧನೆಯ ಮೊದಲ ಉಪಕಾರ ಇದೇ.

ಎರಡನೆಯ ಉಪಕಾರಕ್ಕಾಗಿ ನಾವು ಮತ್ತೆ ಗಣಿಗೇ ಹೋಗಬೇಕು. ೧೯೫೧ರಲ್ಲಿ ಎರಿಕ್ ಟ್ರಿಸ್ಟ್ ಮತ್ತು ಕೆನ್ ಬ್ಯಾಮ್‌ಫೋರ್ತ್ ಎಂಬವರು ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳ ಅಧ್ಯಯನವನ್ನು ಪ್ರಕಟಿಸಿದರು. ಇವರಲ್ಲಿ ಎರಡನೆಯವರು ಸ್ವತಃ ಗಣಿಯಲ್ಲಿ ದುಡಿದವರು. ಹಿಂದೆ ಪರಸ್ಪರ ಬಲ್ಲ ಕೆಲವರು ಒಂದು ತಂಡವಾಗಿ ಕಲ್ಲಿದ್ದಲನ್ನು ಕಡಿಯುವುದರಿಂದ ತುಂಬುವವರೆಗಿನ ಸಮಸ್ತ ಕಾರ್ಯವನ್ನೂ ತಾವೇ ಹಂಚಿಕೊಳ್ಳುತ್ತಿದ್ದರು. ಯಂತ್ರಗಳು ಬಂದ ಮೇಲೆ ಕೆಲಸವು ಮೂರು ಪಾಳಿಗಳಾಗಿ ಒಡೆಯಿತು. ಒಂದು ಪಾಳಿಯವರ ಕೊರತೆ ಮುಂದಿನ ಪಾಳಿಯವರ ತಲೆಯ ಮೇಲೆ ಬಿದ್ದಿತು. ದೂರು, ಗೈರುಹಾಜರಿಗಳು ಹೆಚ್ಚಿದವು. ಯಂತ್ರದಲ್ಲಿ ದೋಷವಿರಲಿಲ್ಲ, ಯಂತ್ರಕ್ಕೆಂದು ಜನರನ್ನು ಬಿಡಿಬಿಡಿಯಾಗಿಸಿದ ಕ್ರಮದಲ್ಲಿ ದೋಷವಿತ್ತು. ಮುಂದೆ ಕೆಲವು ಗಣಿಗಳಲ್ಲಿ ಅದೇ ಯಂತ್ರಗಳನ್ನು ಇಟ್ಟುಕೊಂಡೇ ಕೆಲಸಗಾರರು ತಂಡವಾಗಿ ಹೊಣೆ ಹೊತ್ತು ಹೆಚ್ಚಿನ ಕಲ್ಲಿದ್ದಲನ್ನು ತೆಗೆದುದನ್ನು ಟ್ರಿಸ್ಟರೇ ದಾಖಲಿಸಿದ್ದಾರೆ.

ಇದೇ ವಿಚಾರವನ್ನು ಎ. ಕೆ. ರೈಸ್ ಅವರು ೧೯೫೩ರಲ್ಲಿ ಅಹಮದಾಬಾದಿನ ಕ್ಯಾಲಿಕೊ ಗಿರಣಿಯಲ್ಲಿ ಪ್ರಯೋಗಕ್ಕೆ ತಂದರು. ಸ್ವಯಂಚಾಲಿತ ಮಗ್ಗಗಳ ನೇಕಾರರು ತಾವೇ ತಂಡಗಳನ್ನು ಕಟ್ಟಿಕೊಂಡಾಗ ಉತ್ಪನ್ನ ಹೆಚ್ಚಿತು, ಬಟ್ಟೆಯ ಹಾಳು ತಗ್ಗಿತು. ಆದರೆ ೧೯೭೦ರಲ್ಲಿ ಎರಿಕ್ ಮಿಲ್ಲರ್ ಮರಳಿ ಬಂದು ನೋಡಿದಾಗ ಆ ಕ್ರಮವು ಒಂದೆಡೆ ಉಳಿದು ಬೇರೆಡೆ ಸಡಿಲಗೊಂಡಿತ್ತು. ಒಳ್ಳೆಯ ಕ್ರಮವು ಒಮ್ಮೆ ಸ್ಥಾಪಿತವಾದ ಮಾತ್ರಕ್ಕೆ ಉಳಿಯುವುದಿಲ್ಲ. ಬಾವಿಯ ಹೂಳಿನಂತೆ ಆಗಾಗ ನೋಡಿಕೊಳ್ಳಬೇಕಾಗುತ್ತದೆ. ಇದು ಮೂರನೆಯ ಪಾಠ.

ಇನ್ನು ನಮ್ಮ ಸೀಮೆಗೇ ಮರಳೋಣ. ತುಂಗಭದ್ರಾ ಎಡದಂಡೆ ಕಾಲುವೆಯೂ ಒಂದು ದೊಡ್ಡ ಉದ್ಯಮದಂತೆಯೇ ನಡೆಯುತ್ತದೆ: ಅದಕ್ಕೆ ನಿಯಮಗಳಿವೆ, ಅಧಿಕಾರಿಗಳಿದ್ದಾರೆ, ಹಂಚತಕ್ಕ ಸರಕೂ ಇದೆ. ಕಡಿಮೆ ನೀರಿನ ಬೆಳೆಗಳಿಗೆ ವಿಸ್ತಾರವಾದ ನೆಲದ ಮೇಲೆ ನೀರನ್ನು ತೆಳುವಾಗಿ ಹಂಚುವುದು ಯೋಜನೆಯ ಮೂಲ ಸಂಕಲ್ಪವಾಗಿತ್ತು. ಆದರೆ ಮೇಲ್ಭಾಗದಲ್ಲಿ ಬತ್ತ ಹಬ್ಬಿತು. ಮಾನ್ವಿ, ರಾಯಚೂರು ಕಡೆಯ ಕೊನೆಭಾಗದ ರೈತರು ನೀರಿಗಾಗಿ ಕಾಯುವವರಾದರು. ಡಚ್ ವಿದ್ವಾಂಸ ಪೀಟರ್ ಮೊಲ್ಲಿಂಗ ಅವರು ಈ ಕಾಲುವೆಯ ಮೇಲೆಯೇ ಕ್ಷೇತ್ರಕಾರ್ಯ ನಡೆಸಿ ೨೦೦೩ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ನೀರು ಕಾಗದದ ನಿಯಮವನ್ನು ಮಾತ್ರ ಅನುಸರಿಸಿ ಹರಿಯುವುದಿಲ್ಲ. ರೈತರು, ಇಂಜಿನಿಯರರು, ಜನಪ್ರತಿನಿಧಿಗಳು ಇವರ ನಡುವಣ ಒತ್ತಾಯ ಒಪ್ಪಂದಗಳನ್ನೂ ಅನುಸರಿಸುತ್ತದೆ. ತೂಬು ತೂಬಿನಲ್ಲಿಯೂ ಆ ಸೆಣಸಾಟದ ಗುರುತಿದೆ ಎಂಬುದು ಅವರ ವಿವೇಚನೆಯ ಸಾರ. ಕಚೇರಿಯ ಕೋಷ್ಟಕದಲ್ಲಿ ನೀರು ಸರಿಯಾಗಿಯೇ ಹರಿಯುತ್ತಿರಬಹುದು. ಕೊನೆಯ ತೂಬಿನ ಬಳಿ ನಿಂತು ನೋಡಿದವನಿಗೆ ಮಾತ್ರ ಕಾಲುವೆಯ ನಿಜಸ್ಥಿತಿ ತಿಳಿಯುತ್ತದೆ.

ಸಂಶೋಧನೆಯು ಉದ್ಯಮಪತಿಗಳಿಗೆ ಸಿದ್ಧಸೂತ್ರಗಳನ್ನು ಕೊಡಬೇಕೆಂದು ನಿರೀಕ್ಷಿಸುವವರಿಗೆ ಮೇಲ್ಕಂಡ ನಿದರ್ಶನಗಳಿಂದ ನಿರಾಶೆಯಾಗಬಹುದು. ಟೇಲರನ ಸೂತ್ರವೂ ತನ್ನನ್ನು ‘ವೈಜ್ಞಾನಿಕ’ವೆಂದೇ ಕರೆದುಕೊಂಡಿತ್ತೆಂಬುದನ್ನು ಮರೆಯಲಾಗದು. ಸಂಶೋಧನೆ ಕಲಿಸುವುದು ಒಂದು ಶಿಸ್ತನ್ನು: ಹೇಳಿದ ಕಥೆಯನ್ನು ದಾಖಲೆಯೊಡನೆ ಒರೆಹಚ್ಚುವುದು, ಕೆಲಸ ನಡೆಯುವ ಸ್ಥಳಕ್ಕೇ ಹೋಗುವುದು, ಕೆಲಸ ಬಲ್ಲವನನ್ನು ಕೇಳುವುದು, ಕೆಲವು ವರ್ಷಗಳ ತರುವಾಯ ಮತ್ತೆ ಹೋಗಿ ನೋಡುವುದು.

ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಹಲವರು ನಾಳೆ ಅಧಿಕಾರದ ಕುರ್ಚಿಗಳಲ್ಲಿ ಕುಳಿತುಕೊಳ್ಳುವವರು. ಅವರ ಒಂದು ರುಜುವಿನಿಂದ ಗಣಿಯೊಂದರ ಪಾಳಿ ಬದಲಾದೀತು, ಕಾಲುವೆಯೊಂದರ ತೂಬು ಮುಚ್ಚೀತು. ಆ ರುಜುವಿನ ಫಲವನ್ನು ಉಣ್ಣುವವರು ಕುರ್ಡಿ, ಮಾನ್ವಿಗಳಂಥ ಊರುಗಳ ಜನ. ಬಿತ್ತುವ ಮುನ್ನ ಹದ ನೋಡುವ ರೈತನಷ್ಟು ಎಚ್ಚರ ರುಜು ಹಾಕುವ ಮುನ್ನ ಅವರಿಗಿದ್ದರೆ, ಇತಿಹಾಸದ ಪಾಠ ವ್ಯರ್ಥವಾಗಲಿಲ್ಲವೆಂದು ನಾವು ತಿಳಿಯಬಹುದು.