ಬಾಗಿಲಲ್ಲಿ ಕರೆದ ಹಾಲು

ಹಸಿ ಹಾಲು, ಅಂದರೆ ಕಾಯಿಸದೆ ಹಾಗೆಯೇ ಕುಡಿಯುವ ಹಾಲು, ಮೈಗೆ ಒಳ್ಳೆಯದೆಂಬ ನಂಬಿಕೆಗೆ ಅನೇಕ ನಾಡುಗಳಲ್ಲಿ ಕಣ್ಣೇ ಸಾಕ್ಷಿಯಾಗಿತ್ತು. ಎದುರಿಗೇ ಕರೆದ ಹಾಲಿಗೆ ನೀರು ಬೆರೆತಿಲ್ಲ, ಹಾಲು ಕೊಟ್ಟ ಪ್ರಾಣಿ ಮೈತುಂಬಿಕೊಂಡು ನಿಂತಿದೆ, ಆದ್ದರಿಂದ ಆ ಹಾಲು ಶುದ್ಧ ಎಂಬುದು ಅಲ್ಲಿನ ತರ್ಕ. ಆದರೆ ಈ ‘ಶುದ್ಧ’ ಎಂಬ ಮಾತಿನಲ್ಲಿ ಕಲಬೆರಕೆಯಿಲ್ಲದ್ದು, ರೋಗವಿಲ್ಲದ್ದು ಎಂಬ ಎರಡು ಬೇರೆ ಬೇರೆ ಅರ್ಥಗಳು ಬೆಸೆದುಕೊಂಡಿದ್ದವು. ಅವೆರಡನ್ನು ಬಿಡಿಸಿ ನೋಡಲೇಬೇಕಾದ ಪ್ರಸಂಗ ಒದಗಿದ್ದು ಮೆಡಿಟರೇನಿಯನ್ ಸಮುದ್ರದ ನಡುವಿನ ಪುಟ್ಟ ದ್ವೀಪವಾದ ಮಾಲ್ಟಾದಲ್ಲಿ.

ಹತ್ತೊಂಬತ್ತನೆಯ ಶತಮಾನದ ಮಾಲ್ಟಾದಲ್ಲಿ ಹಸುಗಳು ವಿರಳವಾಗಿದ್ದವು. ಕಲ್ಲುನೆಲದ ಕುರುಚಲು ಮೇವನ್ನೇ ತಿಂದು ಬದುಕಬಲ್ಲ ಆಡುಗಳೇ ಜನರಿಗೆ ಹಾಲಿನ ಆಸರೆಯಾಗಿದ್ದವು. ಬೆಳಗಾದರೆ ಆಡು ಕಾಯುವವರು ತಮ್ಮ ಹಿಂಡನ್ನು ವ್ಯಾಲೆಟ್ಟಾ ನಗರದ ಬೀದಿಗಳಿಗೆ ಹೊಡೆದುಕೊಂಡು ಬರುತ್ತಿದ್ದರು, ನೆಲಕ್ಕೆ ತಾಗುವಂತೆ ಜೋತ ಕೆಚ್ಚಲಿನ ಆಡುಗಳು ಮನೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದವು, ಮೇಲಂತಸ್ತಿನ ಗಿರಾಕಿಗಳಿಗಾಗಿ ಮೆಟ್ಟಿಲು ಹತ್ತಿ ಹೋಗುವುದೂ ಅವುಗಳಿಗೆ ರೂಢಿಯಾಗಿತ್ತು. ಗಿರಾಕಿ ಹಿಡಿದ ಪಾತ್ರೆಗೇ ನೊರೆ ಏಳುವಂತೆ ಹಾಲು ಕರೆದುಕೊಡುತ್ತಿದ್ದುದರಿಂದ ಮೋಸಕ್ಕೆ ಎಡೆಯೇ ಇರಲಿಲ್ಲ. ಕಾಯಿಲೆಯವರಿಗೆ ಈ ಹಾಲು ವಿಶೇಷವಾಗಿ ಹಿತವೆಂದು ಆಸ್ಪತ್ರೆಗಳಲ್ಲಿಯೂ ಕೊಡುವ ಪದ್ಧತಿಯಿತ್ತು.

ಅದೇ ದ್ವೀಪದಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೈನಿಕರನ್ನೂ ನಾವಿಕರನ್ನೂ ಕಾಡುತ್ತಿದ್ದ ಒಂದು ಜ್ವರಕ್ಕೆ ಮಾಲ್ಟಾ ಜ್ವರವೆಂದೇ ಹೆಸರಾಗಿತ್ತು. ಅದು ಕೆಲವು ದಿನ ಏರಿ, ಇಳಿದು, ವಾಸಿಯಾಯಿತು ಎನ್ನುವಷ್ಟರಲ್ಲಿ ಮತ್ತೆ ಏರುತ್ತಿತ್ತು. ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು, ಕೀಲುಕೀಲಿನಲ್ಲಿ ನೋವು, ತಿಂಗಳುಗಟ್ಟಲೆ ನಿತ್ರಾಣ. ಸೇನಾ ವೈದ್ಯ ಡೇವಿಡ್ ಬ್ರೂಸ್ ಸತ್ತ ಸೈನಿಕರ ಗುಲ್ಮದಲ್ಲಿ ಇದರ ರೋಗಾಣುವನ್ನು ಕಂಡು 1887ರಲ್ಲಿ ಪ್ರಕಟಿಸಿದನು. ಬ್ರುಸೆಲ್ಲಾ ಎಂಬ ಹೆಸರು ಮುಂದೆ ಬಂದದ್ದು ಅವನಿಂದಲೇ. ಆದರೆ ರೋಗಾಣು ದೇಹಕ್ಕೆ ಬರುವ ದಾರಿ ಮಾತ್ರ ಇನ್ನೂ 18 ವರ್ಷ ತಿಳಿಯಲಿಲ್ಲ. ಧೂಳು, ಚರಂಡಿಯ ಗಾಳಿ, ಸೊಳ್ಳೆ ಎಲ್ಲದರ ಮೇಲೂ ಅನುಮಾನ ಹೋಯಿತು. ಸಾಮಾನ್ಯ ಸಿಪಾಯಿಗಳಿಗಿಂತ ಅಧಿಕಾರಿಗಳಲ್ಲಿ ಜ್ವರ ಹೆಚ್ಚಾಗಿದ್ದುದು ಕಣ್ಣೆದುರಿಗೇ ಇದ್ದ ಸುಳಿವಾಗಿತ್ತು, ಏಕೆಂದರೆ ಹಾಲನ್ನು ಹೆಚ್ಚು ಕುಡಿಯುತ್ತಿದ್ದವರು ಅವರೇ.

ರಾಯಲ್ ಸೊಸೈಟಿಯ ನೆರವಿನಿಂದ 1904ರಲ್ಲಿ ರಚನೆಯಾದ ತನಿಖಾ ಆಯೋಗದಲ್ಲಿದ್ದ ಮಾಲ್ಟಾದವನೇ ಆದ ವೈದ್ಯ ಥೆಮಿಸ್ಟೋಕ್ಲಿಸ್ ಝಮ್ಮಿತ್, 1905ರ ಜೂನ್‌ನಲ್ಲಿ ಆರು ಆಡುಗಳ ರಕ್ತವನ್ನು ಪರೀಕ್ಷಿಸಿದನು. ರೋಗ ತಗಲಿದ ದೇಹದ ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಆ ರೋಗಾಣುಗಳನ್ನು ಗುಂಪುಗುಂಪಾಗಿ ಅಂಟಿಸಿಬಿಡುತ್ತದೆ ಎಂಬುದೇ ಆ ಪರೀಕ್ಷೆಯ ತತ್ತ್ವ. ಆರರಲ್ಲಿ ಐದು ಆಡುಗಳ ಸೀರಮ್ ಹಾಗೆಯೇ ಮಾಡಿತು. ಅವುಗಳಿಗೆ ಜ್ವರವಿರಲಿಲ್ಲ, ಮೇವು ಬಿಟ್ಟಿರಲಿಲ್ಲ, ಹಾಲಿನ ಬಣ್ಣವಾಗಲಿ ರುಚಿಯಾಗಲಿ ಕೆಟ್ಟಿರಲಿಲ್ಲ. ಹಾಲಿನಲ್ಲಿಯೂ ರೋಗಾಣು ಸಿಕ್ಕಿತು. ತಲೆಮಾರುಗಳಿಂದ ಜನರು ನೆಚ್ಚಿಕೊಂಡಿದ್ದ ಕಣ್ಣಿನ ಸಾಕ್ಷಿ ಬಿದ್ದುಹೋದದ್ದು ಇಲ್ಲಿ. ಆ ವರ್ಷವೇ ಜೋಶುವಾ ನಿಕೋಲ್ಸನ್ ಎಂಬ ಹಡಗಿನಲ್ಲಿ ಅಮೆರಿಕಕ್ಕೆ ಸಾಗಿಸುತ್ತಿದ್ದ ಮಾಲ್ಟಾದ ಆಡುಗಳ ಹಾಲು ಕುಡಿದ ನಾವಿಕರಲ್ಲಿ ಹಲವರು ಜ್ವರ ಹಿಡಿದು ಮಲಗಿದ ಸಂಗತಿ ಈ ಶೋಧಕ್ಕೆ ಒತ್ತುಕೊಟ್ಟಿತು.

1906ರಲ್ಲಿ ಸೇನೆಯ ಊಟದಿಂದ ಆಡಿನ ಹಾಲನ್ನು ತೆಗೆದುಹಾಕಿದ ಮೇಲೆ ವರ್ಷಕ್ಕೆ ನೂರುಗಟ್ಟಲೆ ಇದ್ದ ಸೈನಿಕ ರೋಗಿಗಳ ಸಂಖ್ಯೆ ಮರುವರ್ಷವೇ ಬೆರಳೆಣಿಕೆಗೆ ಇಳಿಯಿತು. ದ್ವೀಪದ ಬಡ ಸಂಸಾರಗಳಿಗೆ ಮಾತ್ರ ಬದಲಿ ಹಾಲನ್ನು ಯಾರೂ ಒದಗಿಸಲಿಲ್ಲ. ಪಾಶ್ಚರೀಕರಣ, ಎಂದರೆ ಹಾಲನ್ನು ಕುದಿಸದೆ ಸುಮಾರು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡು ಇಟ್ಟು ರೋಗಾಣುಗಳನ್ನು ಕೊಲ್ಲುವ ಕ್ರಮ, ಅಲ್ಲಿ ಕೇಂದ್ರವೊಂದರಲ್ಲಿ ಆರಂಭವಾದದ್ದು 1938ರಲ್ಲಿ. ಸೈನಿಕನ ಜ್ವರ ನಿಂತ ಮೇಲೆ ಊರವರು ಪಾಶ್ಚರೀಕರಣಕ್ಕಾಗಿ ಮೂರು ದಶಕ ಕಾಯಬೇಕಾದದ್ದು ಈ ಇತಿಹಾಸದ ಅತ್ಯಂತ ನೋವಿನ ಭಾಗವಾಗಿದೆ.

ಹಸುವಿನ ಹಾಲು ಈ ಆಪಾದನೆಯಿಂದ ಹೊರಗುಳಿದಿತ್ತು. ಹಸುಗಳಲ್ಲಿ ಗರ್ಭಪಾತ ತರುವ ಬೇರೊಂದು ರೋಗಾಣುವನ್ನು ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ 1897ರಲ್ಲಿ ಗುರುತಿಸಿದ್ದನು. ಅದೂ ಮಾಲ್ಟಾದ ರೋಗಾಣುವೂ ಹತ್ತಿರದ ಬಂಧುಗಳೆಂದು ಅಮೆರಿಕದ ಆಲಿಸ್ ಇವಾನ್ಸ್ 1918ರಲ್ಲಿ ಪ್ರಕಟಿಸಿ, ಹಸಿ ಹಾಲಿನ ಅಪಾಯದ ಬಗ್ಗೆ ಎಚ್ಚರಿಸಿದಾಗ ಹಿರಿಯ ವಿಜ್ಞಾನಿಗಳು ಒಪ್ಪಲಿಲ್ಲ. ಪ್ರಯೋಗಾಲಯದಲ್ಲಿ 1922ರಲ್ಲಿ ಆಕೆಗೇ ಆ ರೋಗ ತಗಲಿ, ವರ್ಷಾನುಗಟ್ಟಲೆ ಮರುಕಳಿಸಿತು. ಕಾಯಿಸಿದರೆ ಹಾಲಿನ ಸತ್ವವೆಲ್ಲ ಹೋಗುತ್ತದೆಂಬ ಮಾತು ಆಗಲೂ ಇತ್ತು. ಸಿ ಜೀವಸತ್ವ ಸ್ವಲ್ಪ ಕಡಿಮೆಯಾಗುವುದು ನಿಜ, ಆದರೆ ಹಾಲಿನಲ್ಲಿ ಅದು ಮೊದಲೇ ಅಲ್ಪ. ಸುಣ್ಣಾಂಶವೂ ಪ್ರೋಟೀನೂ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತವೆ.

ಕನ್ನಡ ನಾಡಿನಲ್ಲಿಯೂ ನೀರು ಬೆರೆಸುವ ಭಯಕ್ಕೆ ಹಸುವನ್ನೇ ಮನೆ ಬಾಗಿಲಿಗೆ ತರಿಸಿ ಕರೆಸಿಕೊಳ್ಳುವ ರೂಢಿಯಿತ್ತು. ಕರೆದ ಕೂಡಲೇ ಬೆಚ್ಚಗೆ ಕುಡಿಯುವ ಹಾಲನ್ನು ಧಾರೋಷ್ಣವೆಂದು ಆಯುರ್ವೇದ ಹೊಗಳಿದೆ. ಅದೇ ಆಯುರ್ವೇದದ ಗ್ರಂಥವಾದ ಸುಶ್ರುತ ಸಂಹಿತೆ ಹಸಿ ಹಾಲು ಜಡ, ಕಾಯಿಸಿದ್ದು ಹಗುರ ಎಂದೂ ಹೇಳುತ್ತದೆ, ಅಡುಗೆಮನೆ ಹಿಡಿದದ್ದು ಈ ಎರಡನೆಯ ಮಾತನ್ನು. ಹಾಲಿನ ಪಾತ್ರೆ ಒಲೆಯೇರಿ, ಉಕ್ಕಿ, ಆರಿ ಕೆನೆಗಟ್ಟಿದ ಮೇಲೆಯೇ ಲೋಟಕ್ಕೆ ಇಳಿಯುವ ಈ ಅಭ್ಯಾಸ ರೋಗಾಣುವಿನ ಹೆಸರನ್ನೂ ಅರಿಯದೆ ಎಷ್ಟೋ ಮನೆಗಳನ್ನು ಕಾದಿದೆ. ಕೊಟ್ಟಿಗೆಯಲ್ಲಿ ಮಾತ್ರ ಅದು ಕಾಯಲಾರದು. ಹಸು ಕಂದು ಹಾಕಿದಾಗ, ಅಂದರೆ ದಿನ ತುಂಬುವ ಮೊದಲೇ ಕರು ಬಿದ್ದಾಗ, ಬರಿಗೈಯಲ್ಲಿ ಕಸ, ಅಂದರೆ ಮಾಸು, ತೆಗೆಯುವವರಿಗೂ ಇದೇ ಜ್ವರ ಅಂಟುತ್ತದೆ. ಅದನ್ನು ತಡೆಯಲೆಂದು 2019ರಲ್ಲಿ ದೇಶದಾದ್ಯಂತ ಆರಂಭವಾದ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಜೀವಮಾನಕ್ಕೊಮ್ಮೆ ಬ್ರುಸೆಲ್ಲಾ ಲಸಿಕೆ ಹಾಕಲಾಗುತ್ತಿದೆ.