ಶರಾವತಿಯ ಮುಖದಲ್ಲಿ ಉಳಿದ ಕೋಟೆಗೋಡೆಗಳು

ಕೆಳದಿಯ ಅರಸರು ವೀರಶೈವ ಮತಕ್ಕೆ ಆಶ್ರಯವಿತ್ತು ಮಠಮಾನ್ಯಗಳಿಗೆ ಭೂದತ್ತಿಗಳನ್ನು ಬಿಟ್ಟ ಸಂಗತಿಯು ಶಿಷ್ಯವರ್ಗಕ್ಕೆ ತಿಳಿಯದುದಲ್ಲ. ಆದರೆ ಆ ರಾಜ್ಯವನ್ನು ಕಾಯ್ದ ಗೋಡೆಗಳ ವಿಷಯವಾಗಿ ನಾವು ಅಷ್ಟಾಗಿ ಚಿಂತಿಸಿದವರಲ್ಲ. ಶ್ರೀಮಠದ ಈ ಮಹೋತ್ಸವದ ಸಂದರ್ಭದಲ್ಲಿ, ಪಡುವಣ ಕರಾವಳಿಯಲ್ಲಿ ಅಳಿದುಳಿದ ಅಂತಹ ಗೋಡೆಗಳ ವೃತ್ತಾಂತವನ್ನು ಸಂಗ್ರಹವಾಗಿ ಅರಿಕೆಮಾಡುವೆನು.

ಘಟ್ಟವನ್ನಿಳಿದ ಶರಾವತಿಯು ಮಾವಿನಕುರ್ವೆಯೇ ಮೊದಲಾದ ನಡುಗಡ್ಡೆಗಳನ್ನು ಬಳಸಿಕೊಂಡು ಹೊನ್ನಾವರದ ಬಳಿ ಕಡಲನ್ನು ಸೇರುವಳು. ಕುರ್ವೆಗೆ ಹೊಳೆಯೇ ಅಗಳು. ಪಟ್ಟಣಕ್ಕಾದರೋ ಅಷ್ಟು ರಕ್ಷೆಯು ಸಾಲದು. ಘಟ್ಟದ ಮೆಣಸು ಹಡಗನ್ನೇರುತ್ತಿದ್ದ ಬಂದರು ಅದು. 1342ರ ಸುಮಾರಿಗೆ ಇಲ್ಲಿಗೆ ಬಂದ ಮೊರಾಕೋ ದೇಶದ ಇಬ್ನ್ ಬತೂತನು, ಈ ಪಟ್ಟಣದಲ್ಲಿ ಬಾಲಕಿಯರಿಗೆ 13, ಬಾಲಕರಿಗೆ 23 ಪಾಠಶಾಲೆಗಳಿದ್ದುವೆಂದು ಬರೆದಿರುವನು. ಕಾಯಬೇಕಾದುದು ಮೆಣಸಿನ ಮೂಟೆಗಳನ್ನು ಮಾತ್ರವೇ ಅಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

1569ರಲ್ಲಿ ಪೋರ್ತುಗೀಸರು ಗೇರುಸೊಪ್ಪೆಯ ರಾಣಿಯಿಂದ ಹೊನ್ನಾವರವನ್ನು ಕಿತ್ತುಕೊಂಡರು. 1623ರಲ್ಲಿ ಇದನ್ನು ಕಂಡ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು, ಗುಡ್ಡದ ಮೇಲಿನ ಕೋಟೆಯು ಬಹುಮಟ್ಟಿಗೆ ದೇಶೀಯರ ಕಾಲದಲ್ಲಿದ್ದಂತೆಯೇ ಇದ್ದಿತೆಂದೂ, ಒಳಗೆ ಮನೆಗಳೂ ಬಾವಿಗಳೂ ತೋಟಗಳೂ ಇದ್ದುವೆಂದೂ ಹೇಳುವನು. ಅಲ್ಲಿಂದ ಅವನು ಘಟ್ಟವನ್ನು ಹತ್ತಿ ವೆಂಕಟಪ್ಪನಾಯಕನ ರಾಜಧಾನಿಯಾದ ಇಕ್ಕೇರಿಗೆ ಹೋದನು. ಆ ಊರಿಗೆ ಮೂರು ಸುತ್ತುಗಳು; ಹೊರಸುತ್ತು ಕಲ್ಲಿನದಲ್ಲ, ಒತ್ತಾಗಿ ಬೆಳೆಸಿದ ಎತ್ತರದ ಬಿದಿರಿನದು! ಒಳಸುತ್ತಿನ ಗೋಡೆಗಳು ದುರ್ಬಲವಾಗಿದ್ದುವೆಂದು ಅವನ ಅಭಿಪ್ರಾಯ. ಬಿದಿರಿನ ಬೇಲಿಯನ್ನು ನಂಬಿ ಬಾಳಿದ ಅರಸುಮನೆಯು ಮುಂದೆ ಕಡಲಿನವರೆಗೆ ಕೈಚಾಚಿದುದು ಸಣ್ಣ ಸಾಹಸವಲ್ಲ.

ಆ ಸಾಹಸವನ್ನು ಗೈದವನು ಶಿವಪ್ಪನಾಯಕನು. 1654ರ ವೇಳೆಗೆ ಅವನು ಹೊನ್ನಾವರವನ್ನು ಪೋರ್ತುಗೀಸರಿಂದ ಬಿಡಿಸಿಕೊಂಡನು. ನದೀಮುಖಕ್ಕೆ ಸಮೀಪವಾದ ಸಮುದ್ರದ್ವೀಪವನ್ನು ಕೆಳದಿಯವರು ಕೋಟೆಯಾಗಿಸಿ, ತಮ್ಮ ಮನೆತನದ ರಾಜಕುಮಾರನ ಹೆಸರಿನಿಂದ ಬಸವರಾಜದುರ್ಗವೆಂದು ಕರೆದರು. ಅದರ ಗೋಡೆಯು ದೊಡ್ಡ ದೊಡ್ಡ ಕೆಂಪುಕಲ್ಲುಗಳದು. ಈ ಕಲ್ಲು ನೆಲದಲ್ಲಿರುವಾಗ ಮೆದು. ಕಡಿದು ಗಾಳಿಬಿಸಿಲಿಗೆ ಒಡ್ಡಿದ ಮೇಲೆ ಗಟ್ಟಿಯಾಗುವುದು. ಉಪ್ಪುನೀರಿನ ಗಾಳಿಗೂ ಮುಂಗಾರಿನ ಹೊಡೆತಕ್ಕೂ ಮೈಯೊಡ್ಡಿ, ಕೆಲವೆಡೆ ಉರುಳಿ, ಕೆಲವೆಡೆ ಅದು ಇಂದಿಗೂ ನಿಂತಿದೆ.

1763ರಲ್ಲಿ ಬಿದನೂರು ಹೈದರನ ವಶವಾದೊಡನೆ ಕೆಳದಿಯ ಪ್ರಭುತ್ವವು ಮುಗಿಯಿತು. 1783-84ರಲ್ಲಿ ಟಿಪ್ಪುವಿನ ಸೈನ್ಯವು ಹೊನ್ನಾವರವನ್ನು ಮುತ್ತಿದಾಗ, ಆಂಗ್ಲರ ಕ್ಯಾಪ್ಟನ್ ಟೊರಿಯಾನೋ ಈ ಕೋಟೆಯೊಳಗಿದ್ದು ತಿಂಗಳುಗಟ್ಟಲೆ ತಡೆದನು. ಪಟ್ಟಣದ ಆ ಕೋಟೆಯು ಇಂದು ಇಡಿಯಾಗಿ ಉಳಿದಿಲ್ಲ. ಇಕ್ಕೇರಿಯಲ್ಲಿ ಅಘೋರೇಶ್ವರ ದೇವಾಲಯವು ನಿಂತಿದೆ; ಬಿದಿರಿನ ಸುತ್ತು ಹೋಯಿತು. ದೇವಾಲಯಕ್ಕೆ ಪೂಜೆ ಉಂಟು, ಗೋಡೆಗೆ ಇಲ್ಲ. ಫಿರಂಗಿಗೆ ಅಳುಕದ ಗೋಡೆಯು ನಮ್ಮ ಉದಾಸೀನಕ್ಕೆ ಸೋಲುವುದು. ಚೌಕವಾಗಿ ಕಡಿದ ಕಲ್ಲು ಮನೆಯ ತಳಪಾಯಕ್ಕೆ ಸಿದ್ಧವಾಗಿಯೇ ದೊರೆಯುವುದಷ್ಟೆ!

ಸ್ಥಾವರವು ಅಳಿಯತಕ್ಕುದೆಂದು ಶರಣರೇ ಬೋಧಿಸಿರುವಾಗ ಉರುಳಿದ ಕಲ್ಲಿಗಾಗಿ ಮರುಗುವುದೇಕೆಂದು ಭಕ್ತರು ಕೇಳಬಹುದು. ಪ್ರಶ್ನೆಯು ಯುಕ್ತವಾದುದೇ. ಆದರೆ ಕಲ್ಲನ್ನು ಪೂಜಿಸಿರೆಂದು ನಾನು ಹೇಳುತ್ತಿಲ್ಲ. ಅರಸರ ಹೆಸರು ಗ್ರಂಥಗಳಲ್ಲಿ ಉಳಿದಿದೆ. ಕಲ್ಲು ಕಡಿದವರ, ದೋಣಿಯಲ್ಲಿ ಹೊತ್ತವರ, ಇರುಳೆಲ್ಲ ಕಾವಲಿದ್ದವರ ಹೆಸರು ಎಲ್ಲಿಯೂ ಉಳಿಯಲಿಲ್ಲ. ಅವರ ಕಾಯಕಕ್ಕೆ ಈ ಗೋಡೆಯೊಂದೇ ಶಾಸನ. ಕಾಯಕವನ್ನು ಕೈಲಾಸವೆಂದು ನಂಬಿದ ನಾವು ಅದರಿಂದ ಒಂದು ಕಲ್ಲನ್ನಾದರೂ ಕೀಳದಿರುವುದು ಶರಣಧರ್ಮಕ್ಕೆ ಸಲ್ಲುವ ನಡತೆ. ಕರಾವಳಿಗೆ ಹೋಗುವ ಶಿಷ್ಯರು ಮಕ್ಕಳನ್ನು ಕರೆದೊಯ್ದು ಆ ದುರ್ಗವನ್ನು ದಡದಿಂದಲಾದರೂ ತೋರಿಸಲೆಂದು ಪ್ರಾರ್ಥಿಸಿ ವಿರಮಿಸುವೆನು.